ಹದಿನೇಳನೇ ನಂಬರಿನ ಚೀಲ

ಫ್ಲಾಸ್ಕಿನೊಳಗೆ ಕುರಿಯ ರಕ್ತ ಇನ್ನೂ ಬೆಚ್ಚಗಿತ್ತು. ರಂಜಿನಿ ಅದರ ಕತ್ತನ್ನು ಎಡಗೈಯಲ್ಲಿ ಹಿಡಿದು, ಅಡಿಯನ್ನು ಬಲಗೈಯ ಮೇಲಿಟ್ಟುಕೊಂಡು ಒಂದೇ ಸಮನೆ ತಿರುಗಿಸುತ್ತಿದ್ದಳು. ಒಳಗೆ ಹಾಕಿದ್ದ ಗಾಜಿನ ಮಣಿಗಳು ಒಂದಕ್ಕೊಂದು ಉಜ್ಜಿಕೊಂಡು ಸುತ್ತುತ್ತಿದ್ದವು. ಹತ್ತು ನಿಮಿಷ ಕೈ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ರಕ್ತವನ್ನು ತಟ್ಟೆಗಳಿಗೆ ಬೆರೆಸಲು ಬರುವುದಿಲ್ಲ. ಬೇರೆ ದಿನವಾಗಿದ್ದರೆ ಟೆಕ್ನಿಷಿಯನ್ ಮನು ಮೊಬೈಲಿನಲ್ಲಿ ಹಾಡು ಹಾಕಿರುತ್ತಿದ್ದ. ಸಂಶೋಧನೆಗೆಂದು ಬಂದಿದ್ದ ಮಾನಸಾ ಮೇಡಂ ತಿಂಡಿ ಏನಾಯಿತೆಂದು ಕೇಳುತ್ತಿದ್ದರು. ಇವತ್ತು ಇಬ್ಬರೂ ಅವಳ ಬೆನ್ನ ಹಿಂದೆಯೇ ಕೂತಿದ್ದರು, ಯಾರೂ ಮಾತಾಡಲಿಲ್ಲ.

ಎದುರಿನ ಗೋಡೆಯ ಬಿಳಿ ಹಲಗೆಯ ಮೇಲೆ ಒಂದರಿಂದ ನಲವತ್ತೆರಡರವರೆಗೆ ಅಂಕಿಗಳಿದ್ದವು. ಹನ್ನೊಂದು ಅಂಕಿಗಳಿಗೆ ಕೆಂಪು ಸುತ್ತು. ನೋಡಬಾರದೆಂದುಕೊಂಡರೂ ರಂಜಿನಿಯ ಕಣ್ಣು ಆ ಸುತ್ತುಗಳ ಮೇಲೇ ಹೋಗುತ್ತಿತ್ತು.

ಹಾಸನದ ಆ ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ ವರ್ಷದಿಂದ ಒಂದೇ ಕೆಲಸ ನಡೆಯುತ್ತಿತ್ತು. ಹೊಟ್ಟೆನೋವೆಂದು ಬಂದವರ ಗಂಟಲೊಳಗೆ ಕೊಳವೆ ಇಳಿಸಿ ನೋಡುವಾಗ ಜಠರದ ಗೋಡೆಯಿಂದ ಎರಡು ಚೂರು ತೆಗೆಯುತ್ತಿದ್ದರು. ಒಂದೊಂದೂ ಅಕ್ಕಿನುಚ್ಚಿನಷ್ಟು. ಒಂದು ಚೂರು ಮನುವಿಗೆ. ಅವನು ಅದನ್ನು ಅರೆದು, ರಕ್ತ ಬೆರೆಸಿದ ತಟ್ಟೆಯ ಮೇಲೆ ಸವರಿ, ಗಾಳಿ ಕಡಿಮೆಯಿರುವ ಜಾಡಿಯಲ್ಲಿ ಬೆಚ್ಚಗೆ ಇಟ್ಟು ಬ್ಯಾಕ್ಟೀರಿಯಾ ಬೆಳೆಸುತ್ತಿದ್ದ. ಇನ್ನೊಂದು ಚೂರು ಪುಟ್ಟ ಟ್ಯೂಬಿನಲ್ಲಿ ನೇರ ಮಾನಸಾರ ಕೈಗೆ. ಬೆಳೆಸಿದ ಬ್ಯಾಕ್ಟೀರಿಯಾದ ಜೀನು ಹೇಳುವುದನ್ನೇ ಈ ಬರೀ ಚೂರಿನ ಜೀನೂ ಹೇಳುತ್ತದೆಯೇ ಎಂದು ಅವರು ನೋಡುತ್ತಿದ್ದರು. ಹೊಟ್ಟೆಯಲ್ಲಿರುವುದು ಹುಣ್ಣು ಮಾಡುವ ಬಗೆಯೋ, ತೆಪ್ಪಗೆ ಕೂತಿರುವ ಬಗೆಯೋ ಎಂಬುದು ಆ ಜೀನಿನ ಗುರುತಿನಿಂದ ತಿಳಿಯುತ್ತಿತ್ತು. ಬರೀ ಚೂರನ್ನು ನಂಬಬಹುದೆಂದಾದರೆ ಜೀವಂತ ಬ್ಯಾಕ್ಟೀರಿಯಾ ಬೇಕಿಲ್ಲ. ಅರಕಲಗೂಡಿನಲ್ಲೋ ಹೊಳೆನರಸೀಪುರದಲ್ಲೋ ಚೂರು ತೆಗೆದು ಟ್ಯೂಬಿಗೆ ಹಾಕಿ ಬಸ್ಸಿಗೆ ಕೊಟ್ಟರೆ ಸಾಕು. ಬೆಳಗಿನ ಐದರ ಬಸ್ಸು ಹಿಡಿದು ಯಾರೂ ಖಾಲಿ ಹೊಟ್ಟೆಯಲ್ಲಿ ಹಾಸನಕ್ಕೆ ಬರಬೇಕಾಗಿಲ್ಲ.

ಮೂವತ್ತೊಂದು ಜನರಲ್ಲಿ ಚೂರು, ತಟ್ಟೆ ಎರಡೂ ಒಂದೇ ಮಾತು ಹೇಳಿದ್ದವು. ಹನ್ನೊಂದು ಜನರ ಚೂರಿನಲ್ಲಿ ಗುರುತು ಸ್ಪಷ್ಟವಾಗಿತ್ತು, ತಟ್ಟೆಗಳು ಮಾತ್ರ ಖಾಲಿ. ಏಳು ದಿನ ಕಾದರೂ ಏನೂ ಬೆಳೆದಿರಲಿಲ್ಲ.

ನಿನ್ನೆ ಸಂಜೆ ಡಾಕ್ಟರ್ ನಂಜುಂಡೇಶ್ ಹಲಗೆಯ ಮುಂದೆ ತುಂಬ ಹೊತ್ತು ನಿಂತಿದ್ದರು. ಈ ಕೆಲಸಕ್ಕೆಲ್ಲ ಅವರೇ ಹೊಣೆ.

"ತಟ್ಟೇಲಿ ಏಳದೇ ಇರೋದರ ಗುರುತು ಟ್ಯೂಬಿನಲ್ಲಿ ಎಲ್ಲಿಂದ ಬಂತು? ಒಬ್ಬರದ್ದು ಇನ್ನೊಬ್ಬರಿಗೆ ಸೇರಿದೆ. ಅಷ್ಟೇ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. "ಚಿಮುಟ ತೊಳೆಯೋದು, ಟ್ಯೂಬಿಗೆ ಲೇಬಲ್ ಹಾಕೋದು ಯಾರು?"

ಮನುವಿನ ಕಣ್ಣು ರಂಜಿನಿಯ ಕಡೆ ಹೋಯಿತು. ಹೆಸರು ಹೇಳಬೇಕಾಗಿರಲಿಲ್ಲ.

"ನಾನು ಯಾರನ್ನೂ ಬೈತಾ ಇಲ್ಲ. ನಾಳೆಯಿಂದ ಟ್ಯೂಬಿನ ಕೆಲಸ ಮನು ಮಾಡ್ಲಿ. ಈಕೆಯ ಗುತ್ತಿಗೆ ತಿಂಗಳ ಕೊನೆಗೆ ಮುಗಿಯುತ್ತಲ್ಲ, ಆಗ ನೋಡೋಣ. ಆ ಹನ್ನೊಂದು ಜನಕ್ಕೆ ಬ್ಯಾಕ್ಟೀರಿಯಾ ಇಲ್ಲ ಅಂತ ಶನಿವಾರ ರಿಪೋರ್ಟ್ ಕೊಟ್ಬಿಡಿ."

ರಂಜಿನಿ ಚಿಮುಟವನ್ನು ಮೂರು ಸಲ ನಲ್ಲಿ ನೀರಿನಲ್ಲಿ, ಎರಡು ಸಲ ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ಆಮೇಲೆ ಹಬೆಯ ಡ್ರಮ್ಮಿಗೆ ಹಾಕುತ್ತಿದ್ದಳು. ಒಂದು ದಿನವೂ ಲೆಕ್ಕ ತಪ್ಪಿಸಿದವಳಲ್ಲ. ಮನೆಯಲ್ಲೂ ಅದೇ ಅಭ್ಯಾಸವಾಗಿ, "ಗೊರೂರಲ್ಲಿ ಡ್ಯಾಮು ಐತೆ ಅಂತ ಒಂದು ಲೋಟಕ್ಕೆ ಡ್ಯಾಮೇ ಖಾಲಿ ಮಾಡ್ಬುಟ್ಟೀಯಾ?" ಎಂದು ಅವಳವ್ವ ರೇಗುವಳು. ಡಾಕ್ಟರ ಮುಂದೆ ಇದನ್ನು ಹೇಳಬೇಕೆಂದು ಬಾಯಿಯವರೆಗೂ ಬಂದಿತ್ತು. ಬಂದದ್ದು ಅಲ್ಲೇ ನಿಂತಿತು. ಒಂಬತ್ತನೇ ತರಗತಿಯಲ್ಲಿದ್ದಾಗ ಅವ್ವನಿಗೆ ಆಪರೇಷನ್ ಆಗಿ ಶಾಲೆ ಬಿಟ್ಟವಳು, ಮಾರನೇ ವರ್ಷ ತನಗಿಂತ ಚಿಕ್ಕವರ ಜೊತೆ ಕೂರಲು ನಾಚಿ ಹೋಗಲೇ ಇಲ್ಲ. ಅವತ್ತೂ ಮೇಷ್ಟ್ರು ಮನೆಗೆ ಬಂದು ಕೇಳಿದಾಗ ಬಾಗಿಲ ಹಿಂದೆ ನಿಂತು ಹೀಗೇ ಸುಮ್ಮನಿದ್ದಳು.

ಹತ್ತು ನಿಮಿಷವಾಯಿತು. ರಕ್ತ ತಿಳಿಯಾಗಿ, ಹೊಳೆಹೊಳೆದು ಫ್ಲಾಸ್ಕಿನ ಗೋಡೆಯಿಂದ ಜಾರುತ್ತಿತ್ತು. ಅವಳು ಅದನ್ನು ಫ್ರಿಜ್ಜಿನಲ್ಲಿಟ್ಟು ಕೈ ತೊಳೆದುಕೊಂಡಳು. ಐದು ಸಲ.

ಅವತ್ತು ಬುಧವಾರ. ವಾರದಲ್ಲಿ ಬುಧವಾರ, ಶನಿವಾರ ಕೊಳವೆ ಹಾಕುವ ದಿನ. ಆ ದಿನ ರಂಜಿನಿಗೆ ಇನ್ನೊಂದು ಕೆಲಸವಿತ್ತು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಒಳಗೆ ಹೋಗುವ ಮುನ್ನ ಬಾಯಿ ತೊಳೆದು, ಕೈಯಲ್ಲಿದ್ದುದನ್ನೆಲ್ಲ ಹೊರಗೆ ಬಿಡಬೇಕು. ಮುದುಕ ಮುದುಕಿಯರು ಏನು ಬಿಟ್ಟರೂ ಎಲೆಅಡಿಕೆ ಚೀಲವನ್ನು ಬೆಂಚಿನ ಮೇಲೆ ಬಿಡುತ್ತಿರಲಿಲ್ಲ. "ನೀ ಇಟ್ಕೊ ಮಗ" ಎಂದು ಅವಳ ಮಡಿಲಿಗೆ ಹಾಕುವರು. ಮೊದಲ ತಿಂಗಳಲ್ಲಿ ಅರಕಲಗೂಡು ಕಡೆಯ ಮುದುಕರೊಬ್ಬರು ತಮ್ಮ ಸುಣ್ಣದ ಡಬ್ಬಿ ಹೋಯಿತೆಂದು ಕಾರಿಡಾರೆಲ್ಲ ಕೇಳುವಂತೆ ಕೂಗಾಡಿದರು. ಡಬ್ಬಿ ಅವರ ಸೊಂಟದಲ್ಲೇ ಇತ್ತು. ಅವತ್ತಿನಿಂದ ರಂಜಿನಿ ಚೀಲವನ್ನು ಅವರೆದುರೇ ಬಿಚ್ಚಿ, ಒಳಗಿರುವುದನ್ನು ಗಟ್ಟಿಯಾಗಿ ಹೇಳುತ್ತ ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳತೊಡಗಿದಳು. ಟ್ಯೂಬಿಗೆ ಹಾಕುವ ನಂಬರೇ ಚೀಲಕ್ಕೂ.

ಅವತ್ತು ಬಂದವರ ಹೆಸರು ಮಾಯಮ್ಮ. ಹೊಳೆನರಸೀಪುರದ ಹತ್ತಿರದವರು. ಮನು ಫಾರಂ ಹಿಡಿದು ಕೇಳುತ್ತಿದ್ದ.

"ಹದಿನೈದು ದಿನದಿಂದ ಈಚೆಗೆ ಮಾತ್ರೆ ಏನಾದ್ರೂ ತಗೊಂಡಿದ್ದೀರಾ?"

"ಇಲ್ಲ ಸಾ."

"ಯಾವ್ದೂ ಇಲ್ವಾ?"

"ಯಾವ್ದೂ ಇಲ್ಲ ಸಾ. ನಾನು ಆಸ್ಪತ್ರೆಗೇ ಓಗಿಲ್ಲ."

ಮನು ಗುರುತು ಹಾಕಿಕೊಂಡು ಒಳಗೆ ಹೋದ. ರಂಜಿನಿ ಚೀಲ ಬಿಚ್ಚಿದಳು. "ಎಲೆ ಐದು. ಅಡಿಕೆ. ಸುಣ್ಣದ ಡಬ್ಬಿ. ಅಡಕತ್ತರಿ. ಮನೆ ಬೀಗದ ಕೈ." ಆಮೇಲೆ ಅವಳ ಬೆರಳಿಗೆ ತಗಡಿನ ಚೀಟಿಯೊಂದು ಸಿಕ್ಕಿತು. ಅದರಲ್ಲಿ ಮೂರು ಮಾತ್ರೆ ಉಳಿದಿದ್ದವು. ಇಂಥ ಚೀಟಿಗಳನ್ನು ಅವಳು ಎಷ್ಟೋ ಚೀಲಗಳಲ್ಲಿ ಕಂಡಿದ್ದಳು, ಎಷ್ಟೋ ಸಲ ಬರೆದಿದ್ದಳು. ಇವತ್ತು ಮಾತ್ರ ಪೆನ್ನು ನಿಂತಿತು.

"ಇದೇನಮ್ಮ?"

"ಅದಾ? ಗ್ಯಾಸಿಂದು ಕಣವ್ವ."

"ಮಾತ್ರೆ ತಗೊಂಡಿಲ್ಲ ಅಂದ್ರಲ್ಲ ಈಗ."

"ಮಾತ್ರೆ ಎಲ್ಲಿ ತಗೊಂಡೆ?" ಮಾಯಮ್ಮನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಮಾತ್ರೆ ಅಂದ್ರೆ ಡಾಕ್ಟ್ರು ಬರ್ಕೊಡೋದು. ಇದು ಅಂಗ್ಡೀಲಿ ಕೇಳಿದ್ರೆ ಕೊಡ್ತರೆ. ಮುದ್ದೆ ಉಂಡು ಒಂದು ನುಂಗಿದ್ರೆ ಎದೆ ತಣ್ಗಾಯ್ತದೆ. ಸೋಡ ಕುಡ್ದಂಗೆ. ಇದ್ನೂ ಮಾತ್ರೆ ಅಂತಾರೇನವ್ವ ಯಾರಾದ್ರೂ?"

ರಂಜಿನಿ ಚೀಟಿಯನ್ನು ತಿರುಗಿಸಿ ನೋಡಿದಳು. ಕೆಲಸ ಶುರುವಾದ ಹೊಸದರಲ್ಲಿ ಡಾಕ್ಟರು ಮನುವಿಗೆ ಹೇಳಿದ್ದು ಅವಳಿಗೆ ನೆನಪಾಯಿತು. ಆಗ ಅವಳು ನೆಲ ಒರೆಸುತ್ತಿದ್ದಳು. ಮಾತ್ರೆ ಕೇಳೋದು ಮರೀಬೇಡ, ಗ್ಯಾಸ್ ಮಾತ್ರೆ ತಿಂದು ಬಂದರೆ ಬ್ಯಾಕ್ಟೀರಿಯಾ ಸಾಯದಿದ್ದರೂ ಮಂಕಾಗ್ತವೆ, ತಟ್ಟೇಲಿ ಏಳಲ್ಲ, ಎಂದಿದ್ದರು. ಮನು ಮರೆತಿರಲಿಲ್ಲ. ಪ್ರತಿಯೊಬ್ಬರನ್ನೂ ಕೇಳಿದ್ದ.

ಸಂಜೆ ಗೊರೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಕಂಡಕ್ಟರು ಕೊಟ್ಟ ಸೊನ್ನೆ ಟಿಕೆಟನ್ನು ಗುರುತಿಗಿಟ್ಟುಕೊಂಡು ಅವಳು ನೋಟುಪುಸ್ತಕ ತೆರೆದಳು. ಕೆಂಪು ಸುತ್ತಿನ ಅಂಕಿಗಳು ಬಾಯಿಪಾಠವಾಗಿದ್ದವು. ಮೂರು. ಎಂಟು. ಒಂಬತ್ತು. ಹದಿನಾಲ್ಕು. ಪುಟ ತಿರುಗಿಸಿದಂತೆಲ್ಲ ಅವಳ ಬೆರಳು ಅದೇ ಎರಡು ಪದಗಳ ಮೇಲೆ ನಿಲ್ಲುತ್ತಿತ್ತು.

"೧೭. ಬೀರಮ್ಮ, ಚನ್ನರಾಯಪಟ್ಟಣ ತಾ. ಹಸಿರು ಚೀಲ. ಎಲೆ ೮, ಅಡಿಕೆ, ಸುಣ್ಣದ ಡಬ್ಬಿ, ಗ್ಯಾಸ್ ಮಾತ್ರೆ ೪, ಇತ್ಯಾದಿ."

ಬೀರಮ್ಮ ಅವಳಿಗೆ ಚೆನ್ನಾಗಿ ನೆನಪಿದ್ದರು. ಮೂರು ತಿಂಗಳ ಹಿಂದೆ ಬಂದಿದ್ದರು, ಜೊತೆಗೆ ಗಂಡ ಗಿಡ್ಡಯ್ಯ. ಕೊಳವೆ ಹಾಕಿಸಿಕೊಂಡು ಬಂದು, ಗಂಟಲು ಮರಗಟ್ಟಿದ್ದರೂ ಬಿಡದೆ, "ನೀನೂ ಒಂದು ಎಲೆ ಆಕ್ಕ ಮಗ" ಎಂದು ಕೊಟ್ಟಿದ್ದರು. ಚೀಲದ ತಳದಲ್ಲಿದ್ದ ಹೊಗೆಸೊಪ್ಪು ಕಂಡಾಗ ಅವಳ ಕೈ ಹಿಡಿದು, "ಇದೊಂದು ಡಾಕ್ಟ್ರಿಗೆ ಏಳ್ಬ್ಯಾಡ ಕಣವ್ವ, ಬೋದು ಸಾಯ್ತರೆ" ಎಂದು ಬೇಡಿಕೊಂಡಿದ್ದರು. ಇತ್ಯಾದಿ ಎಂದು ಬರೆದದ್ದು ಅದಕ್ಕೇ. ಆಮೇಲೆ ಅದೇ ರೂಢಿಯಾಗಿ ಯಾರ ಹೊಗೆಸೊಪ್ಪೂ ಇತ್ಯಾದಿಯೇ ಆಗಿತ್ತು.

ಇನ್ನೊಬ್ಬರ ಚೀಲದಲ್ಲಿ ಕಂಡದ್ದನ್ನು ಹೊರಗೆ ಹೇಳುವುದೇ? ನಂಬಿ ಕೊಟ್ಟವರು. ಬಸ್ಸು ಊರು ತಲುಪುವವರೆಗೂ ಅವಳು ಪುಸ್ತಕವನ್ನು ಮುಚ್ಚಿ ತೆರೆದು ಮಾಡುತ್ತಿದ್ದಳು. ಹೇಳದಿದ್ದರೆ ಶನಿವಾರ ಬೀರಮ್ಮನ ಕೈಗೆ ಬ್ಯಾಕ್ಟೀರಿಯಾ ಇಲ್ಲವೆಂಬ ಕಾಗದ ಹೋಗುತ್ತದೆ. ಅವರು ಇನ್ನೂ ವರ್ಷಗಟ್ಟಲೆ ಅಂಗಡಿಯ ಮಾತ್ರೆಯನ್ನೇ ನುಂಗುತ್ತಾರೆ. ತಾನು ತಿಂಗಳ ಕೊನೆಗೆ ಮನೆಯಲ್ಲಿರುತ್ತೇನೆ, ಚಿಮುಟ ತೊಳೆಯಲು ಬಾರದವಳು ಎನಿಸಿಕೊಂಡು.

ಬೆಳಿಗ್ಗೆ ಬೇರೆಯವರು ಬರುವ ಮೊದಲೇ ಬಂದು, ಪುಸ್ತಕವನ್ನು ಮಾನಸಾರ ಮೇಜಿನ ಮೇಲೆ ಹದಿನೇಳನೇ ನಂಬರಿನ ಪುಟಕ್ಕೆ ತೆರೆದಿಟ್ಟು, ಗ್ಯಾಸ್ ಮಾತ್ರೆ ಎಂಬ ಪದದ ಕೆಳಗೆ ಗೆರೆ ಎಳೆದು, ತೊಳೆಯುವ ಕೋಣೆಗೆ ಹೋಗಿ ನಿಂತುಬಿಟ್ಟಳು.

ಮಾನಸಾ ಮೊದಲು ನಕ್ಕದ್ದು ಕೇಳಿಸಿತು. "ರಂಜಿನೀ, ಏನೇ ಇದು ಎಲೆ ಎಂಟು?" ಆಮೇಲೆ ನಗು ಕೇಳಿಸಲಿಲ್ಲ. ಪುಟ ತಿರುಗಿಸುವ ಸದ್ದು. ಕುರ್ಚಿ ಎಳೆದ ಸದ್ದು. ಹಲಗೆಯ ಮುಂದೆ ಹೋಗಿ, ವಾಪಸ್ಸು ಬಂದು, ಮತ್ತೆ ಹೋದ ಚಪ್ಪಲಿಯ ಸದ್ದು.

"ಇಲ್ಲಿ ಬಾ" ಎಂದರು.

ಅವಳು ಬಂದು ಬಾಗಿಲಲ್ಲಿ ನಿಂತಳು. ಮಾನಸಾ ಒಂದು ಹಾಳೆಯಲ್ಲಿ ಎರಡು ಸಾಲು ಬರೆದಿದ್ದರು. ಖಾಲಿ ತಟ್ಟೆಯ ಹನ್ನೊಂದು ಜನರಲ್ಲಿ ಒಂಬತ್ತು ಜನರ ಚೀಲದಲ್ಲಿ ಗ್ಯಾಸ್ ಮಾತ್ರೆ. ಉಳಿದ ಮೂವತ್ತೊಂದು ಜನರಲ್ಲಿ ಎರಡೇ ಜನ.

"ಇದನ್ನ ಯಾವಾಗಿಂದ ಬರೀತಿದ್ದೀಯಾ?"

"ಮೊದ್ಲಿಂದ ಮೇಡಂ."

"ಯಾರು ಹೇಳಿದ್ರು ಬರಿ ಅಂತ?"

"ಸುಣ್ಣದ ಡಬ್ಬಿ ಕಳೀತು ಅಂದಿದ್ರಲ್ಲ. ಅದಕ್ಕೆ."

ಮಾನಸಾ ಅವಳನ್ನು ನೋಡಿ, ಪುಸ್ತಕವನ್ನು ನೋಡಿ, "ಈ ಇತ್ಯಾದಿ ಏನು?" ಎಂದರು.

ರಂಜಿನಿ ನೆಲ ನೋಡಿದಳು. 

ಮಧ್ಯಾಹ್ನ ಡಾಕ್ಟರು ಬಂದಾಗ ಮನುವಿನ ಮುಖ ಕೆಂಪಾಗಿತ್ತು. "ನಾನು ಎಲ್ಲರನ್ನೂ ಕೇಳಿದ್ದೀನಿ ಸಾರ್, ಒಂದು ಫಾರಂ ತಪ್ಪಿಲ್ಲ. ಇಲ್ಲ ಅಂತ ಅವ್ರೇ ಅಂದ್ರೆ ನಾನೇನು ಬಾಯಿಗೆ ಕೈ ಹಾಕಿ ನೋಡ್ಲಾ? ಪೇಷೆಂಟಿನ ಚೀಲ ಜಾಲಾಡೋದು ಯಾವ ಲ್ಯಾಬಿನ ಕೆಲಸ? ಒಂಬತ್ತನೇ ಕ್ಲಾಸಿನ ಸೈಂಟಿಸ್ಟು!"

ಡಾಕ್ಟರು ಹಾಳೆಯಿಂದ ತಲೆ ಎತ್ತಲಿಲ್ಲ. "ನಿನ್ನ ತಪ್ಪು ಅಂತ ಯಾರಪ್ಪ ಅಂದ್ರು? ನಾವು ಮಾತ್ರೆ ಅಂತ ಕೇಳಿದ್ವಿ, ಅವರ ಲೆಕ್ಕದಲ್ಲಿ ಅದು ಮಾತ್ರೆನೇ ಅಲ್ಲ." ಹಾಳೆಯ ಮೇಲೆ ಬೆರಳಿಟ್ಟು, "ಒಂಬತ್ತು ಸರಿ. ಉಳಿದ ಇಬ್ಬರು?" ಎಂದು ಮಾನಸಾರನ್ನು ಕೇಳಿದರು.

ಮಾನಸಾ ಪುಸ್ತಕದ ಪುಟ ತಿರುಗಿಸಿದರು. ಆಗ ಬಾಗಿಲ ಕಡೆಯಿಂದ ಸಣ್ಣ ದನಿ ಬಂತು.

"ಅವರ ತಾವ ಚೀಲ ಇರ್ಲಿಲ್ಲ ಸಾ."

ಡಾಕ್ಟರು ಗಟ್ಟಿಯಾಗಿ ನಕ್ಕರು. ಆದರೆ ನಗು ಬೇಗ ಮುಗಿಯಿತು. "ನೋಡಮ್ಮ, ಇದು ಊಹೆ. ಚೆನ್ನಾಗಿರೋ ಊಹೆ. ಪುರಾವೆ ಅಲ್ಲ. ಚೀಲದಲ್ಲಿ ಮಾತ್ರೆ ಇತ್ತು ಅಂದ್ರೆ ಟ್ಯೂಬು ಶುದ್ಧ ಇತ್ತು ಅಂತ ಆಗಲ್ಲ. ಇವರಲ್ಲಿ ಒಬ್ಬರಾದ್ರೂ ಮಾತ್ರೆ ನಿಲ್ಲಿಸಿ, ಮತ್ತೆ ಬಂದು, ಮತ್ತೆ ಚೂರು ಕೊಟ್ಟು, ಅದು ತಟ್ಟೇಲಿ ಬೆಳೀಬೇಕು. ಬೆಳೆದಿದ್ದರ ಗುರುತು ಮೂರು ತಿಂಗಳ ಹಿಂದಿನ ಚೂರಿನ ಗುರುತಿಗೆ ಸರಿಹೋಗಬೇಕು. ಹೋದರೆ ಆ ಟ್ಯೂಬು ಸುಳ್ಳು ಹೇಳಿಲ್ಲ ಅಂತ ಅರ್ಥ."

"ಹದಿನೇಳನೇ ನಂಬರಿಗೆ ಹುಣ್ಣು ಮಾಗಿದೆಯಾ ಅಂತ ಹೇಗೂ ಇನ್ನೊಂದ್ಸಲ ನೋಡ್ಬೇಕು ಸಾರ್" ಎಂದರು ಮಾನಸಾ.

"ಕರೀರಿ. ರಿಪೋರ್ಟ್‌ಗಳು ಅಲ್ಲೀವರೆಗೆ ಇರ್ಲಿ. ಆದರೆ ಈ ಸಲ ರಂಜಿನಿ ಯಾವುದನ್ನೂ ಮುಟ್ಟೋದು ಬೇಡ. ಚಿಮುಟಾನೂ ಇಲ್ಲ, ತಟ್ಟೇನೂ ಇಲ್ಲ, ಲೇಬಲ್ಲೂ ಇಲ್ಲ." ಅವಳ ಕಡೆ ತಿರುಗಿ, "ನಿನ್ನ ಒಳ್ಳೇದಕ್ಕೇ" ಎಂದರು.

ಫೋನು ಮಾಡಿದ್ದು ಮಾನಸಾ, ಆದರೆ ಬೀರಮ್ಮ ಮಾತಾಡಿದ್ದು ರಂಜಿನಿಯ ಜೊತೆ. "ಆ ಎಲೆ ಎಣ್ಸೋ ಉಡ್ಗೀಗೆ ಕೊಡಿ" ಎಂದರಂತೆ. ಹದಿನೈದು ದಿನ ಗ್ಯಾಸಿಂದು ಮುಟ್ಟಬಾರದು, ಉರಿ ತಡೆಯಲಾರದಿದ್ದರೆ ಮೇಡಂ ಬರೆದುಕೊಡುವ ಬಿಳಿ ನೀರಿನಂಥ ಔಷಧಿ ಒಂದು ಮುಚ್ಚಳ, ಅಷ್ಟೇ ಎಂದು ರಂಜಿನಿ ಹೇಳಿದಳು.

"ಅದ್ನೆಂಟು ದಿನದ ಸೂತಕ ಬೇಕಾದ್ರೂ ಕಳ್ದೇನು, ಇದಾಗಕಿಲ್ಲ ಕಣವ್ವ. ಯಾಕೆ, ಏನಾಯ್ತು?"

ರಂಜಿನಿ ತನ್ನ ಕೆಲಸದ ವಿಷಯ ಹೇಳಲಿಲ್ಲ. "ನಿಮ್ಮ ಹೊಟ್ಟೇಲಿ ಹುಳ ಇದ್ಯೋ ಇಲ್ವೋ ಗೊತ್ತಾಗ್ಬೇಕು ಬೀರಮ್ಮ. ಇದ್ರೆ ಹದಿನಾಲ್ಕು ದಿನದ ಔಷಧಿ ಕೊಡ್ತಾರೆ. ಆಮೇಲೆ ಗ್ಯಾಸಿಂದೇ ಬೇಕಾಗಲ್ವೇನೋ."

 "ಉಪ್ಸಾರು ಖಾರ ತಿನ್ಬೌದಾ?"

"ತಿನ್ಬೋದು ಅನ್ಸುತ್ತೆ."

"ಮೂರು ವರ್ಸ ಆಯ್ತು ಕಣವ್ವ ಖಾರ ನಾಲ್ಗೆ ಮ್ಯಾಲಿಟ್ಟು."

ದಿನಾ ಸಂಜೆ ಬಸ್ಸಿನಲ್ಲಿರುವಾಗ ಫೋನು ಬರತೊಡಗಿತು. ಮೂರನೇ ದಿನ ಉರಿ. ಐದನೇ ದಿನ ಬಿಳಿ ನೀರು ಸುಣ್ಣದ ನೀರಿನಂತಿದೆ ಎಂಬ ದೂರು. ಏಳನೇ ದಿನ ಗಿಡ್ಡಯ್ಯ ಫೋನು ಕಿತ್ತುಕೊಂಡರು. "ನೋಡಮ್ಮ, ತೆಂಗಿನ್ಕಾಯಿ ಆಕಕ್ಕೆ ಚನ್ರಾಯಪಟ್ಣಕ್ಕೆ ಓದಾಗ ನಂಗೂ ಅವ್ಳಿಗೂ ಸೇರ್ಸಿ ಒಂದೇ ಚೀಟಿ ತತ್ತಿದ್ದೆ. ಈಗ ನಂದ್ನೂ ಬಚ್ಚಿಟ್ಟವ್ಳೆ. ಒಟ್ಟೆ ಅವ್ಳದು, ಸಿಕ್ಸೆ ನಂಗ್ಯಾಕೆ?" ಹಿಂದಿನಿಂದ ಬೀರಮ್ಮನ ದನಿ ಕೇಳಿಸಿತು: "ಮನೇಲಿದ್ರೆ ನುಂಗ್ಬುಡ್ತೀನಿ ಅಂತ ತಿಪ್ಪೆಗ್ ಬಿಸಾಕಿದೆ ಕಣವ್ವ! ಇವ್ನ್ ಮಾತು ಕೇಳ್ಬ್ಯಾಡ!"

ಹನ್ನೊಂದನೇ ದಿನ ಫೋನು ಬರಲಿಲ್ಲ. ಹನ್ನೆರಡನೇ ದಿನ ಬಂದಾಗ ಬೀರಮ್ಮನ ದನಿ ಇಳಿದಿತ್ತು.

"ನಿನ್ನೆ ತಡೀನಾರ್ದೆ ಪಕ್ಕದ್ ಮನೇಲಿ ಒಂದು ಈಸ್ಕೊಂಡೆ ಮಗ. ಬಾಯಿಗೂ ಆಕ್ಕಂಡೆ."

ರಂಜಿನಿ ಬಸ್ಸಿನ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು.

"ಆಮೇಲೆ ನೀನು ಚೀಲ ಬಿಚ್ಕೊಂಡು ಒಂದೊಂದೇ ಗಟ್ಟಿಯಾಗ್ ಏಳ್ತಿದ್ದುದ್ದು ಗ್ಯಾಪ್ಕ ಬಂತು. ಉಗುದ್ಬುಟ್ಟೆ."

"ಪೂರ್ತಿ ಉಗುಳಿದ್ರಾ?"

"ಇನ್ನರ್ಧ ಉಗೀತಾರೇನೇ? ಪೂರ್ತಿ ಕಣ."

ಅದನ್ನು ಲ್ಯಾಬಿನಲ್ಲಿ ಹೇಳಬೇಕೋ ಬೇಡವೋ ಎಂದು ಅವಳು ಯೋಚಿಸಿದಳು. ಬೆಳಿಗ್ಗೆ ಪುಸ್ತಕದಲ್ಲಿ ಬರೆದಳು: "೧೨ನೇ ದಿನ ಹೇಳಿದ್ದು. ಒಂದು ಬಾಯಿಗೆ ಹಾಕಿ ಉಗುಳಿದ್ದಾರೆ." ಬರೆದು ಮಾನಸಾರ ಮುಂದಿಟ್ಟಳು. ಅವರು ಓದಿ, ತಮ್ಮ ಪೆನ್ನಿನಿಂದ ಪಕ್ಕದಲ್ಲಿ ತಾರೀಖು ಹಾಕಿದರು.

ಬೀರಮ್ಮ ಬಂದದ್ದು ಶನಿವಾರ, ಮೊದಲ ಬಸ್ಸಿಗೆ. ಬೆಂಚಿನ ಮೇಲೆ ಕೂತವರೇ ಹಸಿರು ಚೀಲವನ್ನು ತಲೆಕೆಳಗು ಮಾಡಿ ರಂಜಿನಿಯ ಮಡಿಲಿಗೆ ಸುರಿದರು.

"ಬರ್ಕೊ. ಎಲೆ ಆರು. ಅಡ್ಕೆ. ಸುಣ್ಣ. ಇನ್ನೇನಾದ್ರೂ ಐತಾ ನೋಡು, ಒಲಿಗೆ ಬಿಚ್ಚಿ ನೋಡು ಬೇಕಾದ್ರೆ." ಆಮೇಲೆ ದನಿ ತಗ್ಗಿಸಿ, "ಅದು ಮಾತ್ರ ಬರೀಬ್ಯಾಡ" ಎಂದರು.

"ಇತ್ಯಾದಿ" ಎಂದು ರಂಜಿನಿ ಬರೆದಳು.

ಮನು ಫಾರಂ ಹಿಡಿದು ಬಂದ. ಅದರಲ್ಲಿ ಹೊಸ ಸಾಲೊಂದು ಸೇರಿತ್ತು. "ಅಮ್ಮ, ಮಾತ್ರೆ ತಗೊಂಡಿದ್ದೀರಾ? ಅಂಗಡಿಯಿಂದ ತಂದ ಗ್ಯಾಸಿಂದು, ಎದೆಉರಿಗೆ ಅಂತ, ಯಾವುದಾದ್ರೂ?" ಕೇಳುವಾಗ ಅವನು ರಂಜಿನಿಯ ಕಡೆ ನೋಡಲಿಲ್ಲ. ಗಿಡ್ಡಯ್ಯ ಗೋಡೆಗೊರಗಿ, "ಅವ್ಳೂ ತಗೊಂಡಿಲ್ಲ, ನಾನೂ ತಗೊಂಡಿಲ್ಲ ಸಾ. ನಂದೂ ಬರ್ಕಳಿ" ಎಂದರು.

ಚೂರು ತೆಗೆದ ಚಿಮುಟ ಹೊಸ ಪೊಟ್ಟಣದಿಂದ ಬಂದಿತ್ತು. ತಟ್ಟೆ ಮನು ಮಾಡಿದ್ದು, ಲೇಬಲ್ ಮನು ಬರೆದದ್ದು. ರಂಜಿನಿ ಚೀಲ ಹಿಡಿದುಕೊಂಡು ಹೊರಗೆ ಕೂತಿದ್ದಳು.

ಆಮೇಲೆ ಕಾಯುವುದು. ಮೂರನೇ ದಿನ ಜಾಡಿ ತೆರೆದಾಗ ತಟ್ಟೆ ಕೆಂಪಗೆ, ನುಣ್ಣಗೆ ಇತ್ತು. ಐದನೇ ದಿನವೂ ಹಾಗೇ. ತಿಂಗಳ ಕೊನೆಗೆ ಎಂಟು ದಿನ ಉಳಿದಿತ್ತು. ಆರನೇ ದಿನ ಬೆಳಿಗ್ಗೆ ಮನು ತಟ್ಟೆ ಹೊರಗೆ ತೆಗೆದು ಟ್ಯೂಬ್‌ಲೈಟಿನ ಕೆಳಗೆ ಹಿಡಿದ. ರಂಜಿನಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವನ ಹಿಂದೆ ನಿಂತಿದ್ದಳು.

"ಇವತ್ತೂ ಇಲ್ಲ" ಎಂದ ಮನು. ಅವನ ದನಿಯಲ್ಲಿ ಗೆದ್ದವನ ಖುಷಿ ಇರಲಿಲ್ಲ.

"ಅಣ್ಣ, ಕಿಟಕಿ ಕಡೆ ತಿರುಗಿಸಿ. ಓರೆಯಾಗಿ ಹಿಡೀರಿ."

ಅವನು ಹಿಡಿದ.

"ಇನ್ನೂ ಒಂಚೂರು."

ಬಿಸಿಲು ತಟ್ಟೆಯ ಮೇಲೆ ಅಡ್ಡವಾಗಿ ಬಿತ್ತು. ಕೆಂಪಿನ ಮೇಲೆ ಸೂಜಿಮೊನೆಯಿಂದ ನೀರು ಚುಕ್ಕೆಯಿಟ್ಟಂತೆ, ಬಣ್ಣವಿಲ್ಲದ ಸಣ್ಣ ಸಣ್ಣ ಹನಿಗಳು ಮಿಂಚಿದವು. ಹತ್ತೋ ಹದಿನೈದೋ. ಮನು ಬಾಯಿ ಬಿಟ್ಟುಕೊಂಡು ನೋಡಿದ. ಒಂದು ಹನಿಯನ್ನು ಕಡ್ಡಿಯ ತುದಿಯಲ್ಲಿ ತೆಗೆದು ಹಳದಿ ದ್ರಾವಣದ ಸೀಸೆಗೆ ಅದ್ದಿದ. ಅದೇ ಬ್ಯಾಕ್ಟೀರಿಯಾ ಆಗಿದ್ದರೆ ಹಳದಿ ಹೋಗಿ ಗುಲಾಬಿ ಬರಬೇಕು. ಇಬ್ಬರೂ ಸೀಸೆಯನ್ನೇ ನೋಡುತ್ತ ನಿಂತರು. ಹಳದಿಯ ಅಂಚು ಮೊದಲು ಕಂದಿತು. ಆಮೇಲೆ ತಳದಿಂದ ಮೇಲಕ್ಕೆ, ಬಣ್ಣ ಗುಲಾಬಿಗೆ ತಿರುಗಿತು.

"ಅದೇ" ಎಂದ ಮನು. "ಅದೇ ಕಣೇ." ಸೀಸೆಯನ್ನು ಸ್ಟ್ಯಾಂಡಿನಲ್ಲಿಟ್ಟು, ಜೇಬಿನಿಂದ ಮೊಬೈಲು ತೆಗೆದು ಹಾಡು ಹಾಕಿದ. ಸ್ವಲ್ಪ ಹೊತ್ತಿನ ಮೇಲೆ, ನಾಳೆಯ ಪೇಷೆಂಟುಗಳ ಖಾಲಿ ಲೇಬಲ್ ಕಟ್ಟನ್ನೂ ಪೆನ್ನನ್ನೂ ಮೇಜಿನ ಮೇಲೆ ಅವಳ ಕಡೆಗೆ ತಳ್ಳಿದ. "ಫೈಲಿನ ಮೇಲಿಂದಾದ್ರೂ ನೀನು ಬರಿ. ನನ್ನ ಅಕ್ಷರಕ್ಕೆ ಮೇಡಂ ಬೈತಾರೆ."

ಗುರುತು ಹೊಂದುತ್ತದೆಯೇ ಎಂಬುದು ಇನ್ನೂ ಉಳಿದಿತ್ತು. ಬೆಳೆದ ಮಾತ್ರಕ್ಕೆ ಆಗಲಿಲ್ಲ. ಬೇರೆ ಬಗೆಯದು ಬೆಳೆದಿದ್ದರೆ, ಮೂರು ತಿಂಗಳ ಹಿಂದಿನ ಟ್ಯೂಬಿನಲ್ಲಿದ್ದದ್ದು ಇನ್ನೊಬ್ಬರದ್ದೇ, ಅವಳ ಕೈಯಿಂದ ಬಂದದ್ದೇ ಎಂದಾಗುತ್ತಿತ್ತು. ಮಾನಸಾ ಎರಡು ದಿನ ಊಟಕ್ಕೂ ಸರಿಯಾಗಿ ಏಳಲಿಲ್ಲ.

ಮೂರನೇ ದಿನ ಮಧ್ಯಾಹ್ನ ರಂಜಿನಿ ತೊಳೆದ ಗಾಜುಗಳ ತಟ್ಟೆ ಹಿಡಿದು ಬರುವಾಗ ಮೂಲೆಯ ಕತ್ತಲೆ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ, ಜೀನಿನ ಗುರುತುಗಳು ಗೆರೆಗಳಾಗಿ ಹೊಳೆದು ಕಾಣುವ ನೀಲಿ ಬೆಳಕಿನ ಪೆಟ್ಟಿಗೆ ಉರಿಯುತ್ತಿತ್ತು. ಅದರ ಮೇಲೆ ಬಗ್ಗಿ ಮೂವರು ನಿಂತಿದ್ದರು. ನಡುವೆ ಮಾನಸಾ, ಎಡಕ್ಕೆ ಡಾಕ್ಟರು, ಬಲಕ್ಕೆ ಮನು. ಅವರ ತಲೆಗಳ ಅಂಚು ಮಾತ್ರ ನೀಲಿಯಾಗಿ ಕಾಣುತ್ತಿತ್ತು.

"ಇದು ಮೂರು ತಿಂಗಳ ಹಿಂದಿನ ಚೂರು ಸಾರ್" ಎನ್ನುತ್ತಿದ್ದರು ಮಾನಸಾ. "ಇದು ಮೊನ್ನೇ ಚೂರು. ಇದು ತಟ್ಟೇಲಿ ಬೆಳೆದದ್ದು."

"ತಡಿ, ತಡಿ. ಅಳತೆ ಪಟ್ಟಿ ಎಲ್ಲಿ?"

"ಪಕ್ಕದಲ್ಲೇ ಇದೆ ನೋಡಿ. ಮೂರೂ ಒಂದೇ ಮಟ್ಟ."

"ಎರಡನೇ ಗುರುತು?"

"ಅದೂ."

ಡಾಕ್ಟರು ಕನ್ನಡಕ ತೆಗೆದು, ಒರೆಸದೆ ಹಾಗೇ ಮತ್ತೆ ಹಾಕಿಕೊಂಡು, ಇನ್ನಷ್ಟು ಬಗ್ಗಿದರು. ಮನು ಬೆರಳಿಟ್ಟು ಒಂದೊಂದೇ ಎಣಿಸಿದ, ಮತ್ತೆ ಮೊದಲಿನಿಂದ ಎಣಿಸಿದ. ರಂಜಿನಿಯ ಜೇಬಿನಲ್ಲಿ ಫೋನು ನಡುಗಿತು. ಬೀರಮ್ಮನೇ ಇರಬೇಕು. ಖಾರದ ವಿಷಯ ಕೇಳಲು. ಅವಳು ಕೈಯಲ್ಲಿದ್ದ ಗಾಜಿನ ತಟ್ಟೆಯನ್ನು ಸದ್ದಾಗದಂತೆ ಸ್ಟೂಲಿನ ಮೇಲಿಟ್ಟು, ಒದ್ದೆ ಕೈಗಳನ್ನು ಚೂಡಿದಾರಕ್ಕೆ ಒರೆಸಿಕೊಂಡಳು. ಹೊಸ್ತಿಲು ದಾಟಿ ಎರಡು ಹೆಜ್ಜೆ ಒಳಗೆ ಬಂದಳು. ಮೂರು ಬೆನ್ನುಗಳ ನಡುವೆ ಎಲ್ಲೂ ಸಂದಿಯಿರಲಿಲ್ಲ. ಅಂಚಿನಲ್ಲಿ ಮಾತ್ರ ನೀಲಿ ಬೆಳಕು ಸೋರಿ ಅವಳ ಕಾಲ ಬಳಿ ನೆಲದ ಮೇಲೆ ಬಿದ್ದಿತ್ತು.

"ಒಸಿ ಜರುಗ್ತೀರಾ?" ಎಂದಳು. "ನಾನೂ ನೋಡ್ಬೇಕು."